ಕಲ್ಕತ್ತದ ಅಚ್ಚು, ಮುಂಬಯಿ ಅಚ್ಚು

ಜನವರಿ 19, 2025, ಭಾನುವಾರ

ಮಗಳು ಸಹನಾಳನ್ನು ನೋಡಲು ಹರಿಹರದಿಂದ ಬಂದಿದ್ದರು. ಹುಡುಗ ಯೋಗರಾಜ್, ದನದ ಡಾಕ್ಟರು. ಮಾತು ಕಡಿಮೆ, ಕೈ ದೊಡ್ಡವು. ಅವರಪ್ಪ ಅಂಜನಕುಮಾರ್ ಅವರದು ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿ. ವಿದ್ಯುತ್ ಇಲಾಖೆಯಲ್ಲಿ ಎಂಜಿನಿಯರ್ ಆಗಿ ನಿವೃತ್ತನಾದ ನಾನು, ಸಂಗೀತ ಬಿಟ್ಟರೆ ಬೇರೇನೂ ಗೊತ್ತಿಲ್ಲದವನು, ಟ್ರ್ಯಾಕ್ಟರ್ ಅಂಗಡಿಯವರ ಹತ್ತಿರ ಏನು ಮಾತಾಡೋದು ಅಂತ ಬೆಳಗಿನಿಂದ ಚಿಂತೆ ಹಚ್ಚಿಕೊಂಡಿದ್ದೆ.

ಆದರೆ ಅವರು ಒಳಗೆ ಬಂದವರು ಕುರ್ಚಿಯ ಮೇಲೆ ಕೂರಲೇ ಇಲ್ಲ. ನೆಟ್ಟಗೆ ನನ್ನ ಗ್ರಾಮಫೋನ್ ತಟ್ಟೆಗಳ ಕಪಾಟಿನ ಮುಂದೆ ಹೋಗಿ ಕೈ ಹಿಂದೆ ಕಟ್ಟಿಕೊಂಡು ನಿಂತರು. ದೇವರ ಮನೆಯ ಮುಂದೆ ನಿಂತ ಹಾಗಿತ್ತು.

“ಇವೆಲ್ಲಾ ನಿಮ್ಮವೇನ್ರಿ?”

“ನನ್ನವೇ.”

“ನನ್ನ ಹತ್ರಾನೂ ಒಂದು ಕಪಾಟು ಐತ್ರಿ,” ಅಂದರು.

ಆಮೇಲಿನದು ಸರಿಯಾಗಿ ನೆನಪಿಲ್ಲ. ಸಹನಾ ಉಪ್ಪಿಟ್ಟು, ಕೇಸರಿಬಾತ್ ತಂದಿಟ್ಟಳಂತೆ. ಅವಳೂ ಹುಡುಗನೂ ಮಹಡಿಗೆ ಹೋಗಿ ಮಾತಾಡಿಕೊಂಡು ನಗುತ್ತಾ ಇಳಿದು ಬಂದರಂತೆ. ನಾವಿಬ್ಬರೂ ಆಗ ತಟ್ಟೆಯ ಮೇಲೆ ಮುಳ್ಳಿನ ಭಾರ ಎಷ್ಟಿರಬೇಕು ಅನ್ನುವ ಮುಖ್ಯ ವಿಷಯದಲ್ಲಿದ್ದೆವು. ಹೊರಡುವಾಗ ಅವರು ನನ್ನನ್ನು “ಬೀಗರೇ” ಅಂದುಬಿಟ್ಟರು.

“ಅವ್ರು ಹೆಣ್ಣು ನೋಡೋಕೆ ಬಂದಿದ್ರೋ, ತಟ್ಟೆ ನೋಡೋಕೆ ಬಂದಿದ್ರೋ?” ಅಂತ ರೇವತಿ ಕೇಳಿದಳು.

ಎರಡೂ ಒಪ್ಪಿಗೆಯಾಯಿತಲ್ಲ ಅಂದೆ. ನನ್ನ ಹೆಂಡತಿಗೆ ಇಂಥ ಮಾತಿಗೆ ನಗಲು ಬರುವುದಿಲ್ಲ.

ಜನವರಿ 22

ಬೀಗರ ಫೋನು. ಅವರ ಹತ್ತಿರವೂ ರಂಗನಟಿ ಕಾಟಮ್ಮನವರ ಎಲ್‌ಪಿ ಇದೆಯಂತೆ! ನಾಟಕ ಕಂಪನಿಯ ಹಾಡುಗಳ ಆ ಒಂದೇ ತಟ್ಟೆ. ಇಡೀ ದಾವಣಗೆರೆಯಲ್ಲಿ ನನ್ನೊಬ್ಬನ ಹತ್ತಿರ ಇದೆ ಅಂದುಕೊಂಡಿದ್ದೆ. ಹರಿಹರ ಬೇರೆ ಊರಾದ್ದರಿಂದ ಅದು ಈಗಲೂ ನಿಜವೇ.

ಫೆಬ್ರವರಿ 2ಕ್ಕೆ ಮನೆ ನೋಡಲು ಕರೆದಿದ್ದಾರೆ. ಊಟ ಅಲ್ಲೇ.

ಫೆಬ್ರವರಿ 2, ಭಾನುವಾರ

ಬರೆಯಲು ಕೈ ಬರುತ್ತಿಲ್ಲ. ಆದರೂ ಸತ್ಯ ಒಂದು ಕಡೆ ಇರಬೇಕು.

ಅಂಜನಕುಮಾರ್ ಅವರ ಮನೆ ಚೆನ್ನಾಗಿದೆ, ಗಾಳಿ ಬೆಳಕು ಇದೆ, ಅವರ ಹೆಂಡತಿ ಸುನೀತಾ ಒಳ್ಳೆಯ ಹೆಂಗಸು. ಎಲೆ ಹಾಕುವ ಹೊತ್ತಿಗೆ ಅವರು ಕಾಟಮ್ಮನವರ ತಟ್ಟೆ ತೆಗೆದರು. ಲೇಬಲ್ ಕಪ್ಪು. ಕಪ್ಪು ಲೇಬಲ್ ಅಂದರೆ ಮುಂಬಯಿಯಲ್ಲಿ ಆಮೇಲೆ ಒತ್ತಿದ ಎರಡನೇ ಅಚ್ಚು. ನನ್ನದು ಕಲ್ಕತ್ತದ ಮೊದಲ ಅಚ್ಚು, ಕೆಂಪು ಲೇಬಲ್.

ತಿಳಿಯದವರಿಗೆ ಎರಡೂ ಒಂದೇ. ಹಾಡುಗಳು ಒಂದೇ, ಹಾಡಿದವರು ಒಂದೇ. ಆದರೆ ಮೊದಲ ಅಚ್ಚು ಹೊಸ ಅಡಕೊತ್ತಿನಲ್ಲಿ ಕತ್ತರಿಸಿದ ಹಾಗೆ. ಅದರ ಗೆರೆಗಳು ಚೂಪಾಗಿರುತ್ತವೆ. ಸಾವಿರ ಒತ್ತಿದ ಮೇಲೆ ಅಚ್ಚು ಸವೆಯುತ್ತದೆ, ನಾದ ಮೊಂಡಾಗುತ್ತದೆ. ಕಲ್ಕತ್ತದ ಅಚ್ಚಿನಲ್ಲಿ ಹಾಡು ಶುರುವಾಗುವ ಮೊದಲು ಹಾರ್ಮೋನಿಯಂ ತಿದಿಗೆ ಗಾಳಿ ತುಂಬುವ ಸದ್ದು ಕೇಳುತ್ತದೆ. ಮುಂಬಯಿ ಅಚ್ಚಿನಲ್ಲಿ ಅದಿಲ್ಲ. ಇದನ್ನು ಮೂವತ್ತು ವರ್ಷದಿಂದ ಹೇಳುತ್ತಾ ಬಂದಿದ್ದೇನೆ.

ತಟ್ಟೆ ತಿರುಗಿತು. ಬೀಗರು ಕಣ್ಣು ಮುಚ್ಚಿ “ಹೆಂಗೈತ್ರಿ?” ಅಂದರು.

“ಪರವಾಗಿಲ್ಲ,” ಅಂದೆ. ಇದಕ್ಕಿಂತ ಮೃದುವಾಗಿ ಯಾರು ಹೇಳುತ್ತಾರೆ?

“ಪರವಾಗಿಲ್ಲ ಅಂದ್ರೆ?”

“ಎರಡನೇ ಅಚ್ಚಿಗೆ ಪರವಾಗಿಲ್ಲ.”

ಅವರು ಕಣ್ಣು ಬಿಟ್ಟರು. “ಕಲ್ಕತ್ತದಾಗೆ ತಪ್ಪಾಗಿತ್ತು ಅಂತಾನೆ ಮುಂಬಯಿದಾಗೆ ತಿದ್ದಿ ಒತ್ತಿದ್ದು ಸಾರ್. ಕಲ್ಕತ್ತದ್ದು ನಾನೂ ಕೇಳೀನಿ. ನೆಗಡಿ ಬಂದೋರು ಹಾಡಿದಂಗೈತೆ.”

ಬೀಗರೇ ಹೋಗಿ ಸಾರ್ ಆಗಿದ್ದೆ. ನಾನು, ಮುಂಬಯಿ ಅಚ್ಚು ನಿನ್ನೆಯ ಮಿರ್ಚಿಯನ್ನು ಇವತ್ತು ಬಿಸಿ ಮಾಡಿದ ಹಾಗಿದೆ ಅಂದೆ. ಅವರು ಡಾಕ್ಟರಿಗೆ ಕಿವಿ ತೋರಿಸಿಕೊಳ್ಳಿ ಅಂದರು. ನಾನು, ದಿನಾ ಎಂಜಿನ್ ಸದ್ದು ಕೇಳುವವರಿಗೆ ಹಾರ್ಮೋನಿಯಂ ಗಾಳಿ ಎಲ್ಲಿ ಕೇಳಬೇಕು ಅಂದೆ. ಆಮೇಲೆ ಎದ್ದು ನಿಂತೆ. ಎಲೆಯ ಮೇಲೆ ಹೋಳಿಗೆ ಇತ್ತು, ಸುನೀತಾ ಅವರ ಕೈಯಲ್ಲಿ ತುಪ್ಪದ ಗಿಂಡಿ ಇತ್ತು. ರೇವತಿ ಮತ್ತು ಸಹನಾ ಹಿಂದೆ ಬಂದರು.

ದಾರಿಯುದ್ದಕ್ಕೂ ತಾಯಿ ಮಗಳು ಬಸ್ಸಿನ ಕಿಟಕಿಯಾಚೆಯೇ ನೋಡುತ್ತಿದ್ದರು. ಅವರಿಗೂ ಬೇಸರವಾಗಿರಬೇಕು, ಆ ಅಚ್ಚು ಅಷ್ಟು ಕೆಟ್ಟದಾಗಿತ್ತು.

ಫೆಬ್ರವರಿ 4

ಮನಸ್ಸಿನ ಸಮಾಧಾನಕ್ಕೆ ಕೆಂಪು ಲೇಬಲ್ ಹಾಕಿದೆ. ಹಾರ್ಮೋನಿಯಂ ಗಾಳಿ ಕೇಳಿಸಿತು. ಸ್ವಲ್ಪ ಕಡಿಮೆ ಕೇಳಿಸಿತು. ಫ್ಯಾನ್ ತಿರುಗುತ್ತಿತ್ತು. ಫ್ಯಾನ್ ಆರಿಸಿ ಹಾಕಿದೆ. ಮುಳ್ಳು ಸವೆದಿರಬೇಕು, ಹೊಸದು ತರಿಸಬೇಕು.

ಫೆಬ್ರವರಿ 11

ನಮ್ಮ ರೆಕಾರ್ಡ್ ಪ್ರಿಯರ ವಾಟ್ಸಾಪ್ ಗುಂಪಿಗೆ ಯಾರೋ ಅಂಜನಕುಮಾರ್ ಅವರನ್ನು ಸೇರಿಸಿದ್ದಾರೆ. ಬಂದ ದಿನವೇ ಬರೆದಿದ್ದಾರೆ: ‘ಕೆಲವರ ದೇಹ ದಾವಣಗೆರೆಯಲ್ಲಿದೆ, ಕಿವಿ ಕಲ್ಕತ್ತದಲ್ಲೇ ಉಳಿದಿದೆ.’ ಹೆಸರು ಹೇಳಿಲ್ಲ. ಹೇಡಿ. ನಾನು ಸವೆದ ಅಚ್ಚುಗಳ ವಿಷಯ ಬರೆಯಲು ಕೂತೆ. ಮಧ್ಯಾಹ್ನದ ಊಟ ತಪ್ಪಿತು. ಗುಂಪಿನವರಲ್ಲಿ ಕೆಲವರು ಹೆಬ್ಬೆರಳು ಎತ್ತಿದ್ದಾರೆ. ಆದರೆ ಅವರೇ ಅಂಜನಕುಮಾರ್ ಅವರ ಬರಹಕ್ಕೂ ಹೆಬ್ಬೆರಳು ಎತ್ತಿದ್ದಾರೆ. ಈ ಊರಿನಲ್ಲಿ ವಿಮರ್ಶೆ ಬೆಳೆಯುವುದಿಲ್ಲ.

ಹೊಸ ಮುಳ್ಳು ಬಂತು. ಹಾರ್ಮೋನಿಯಂ ಗಾಳಿ ಮೊದಲಿನಷ್ಟೇ.

ಫೆಬ್ರವರಿ 20

ಸಂಜೆ ಸಹನಾ ಕಾಲೇಜಿನಿಂದ ಬಂದವಳು ನನ್ನ ಕೋಣೆಗೆ ಬಂದಳು. ಕೆಮಿಸ್ಟ್ರಿ ಕಲಿಸುವವಳು, ಬ್ಯಾಗು ಇಳಿಸದೆ ನಿಂತೇ ಮಾತಾಡಿದಳು.

“ಅಪ್ಪಾಜಿ, ನಿಮಗೆ ಆ ಹುಡುಗ ಹಿಡಿಸಲಿಲ್ವಾ?”

“ಹುಡುಗನಿಗೆ ಏನಮ್ಮಾ, ಬಂಗಾರ. ಅವರಪ್ಪನ ಕಿವಿ…”

“ನಾನು ಮದುವಿ ಆಗೋದು ಅವರಪ್ಪನ ಕಿವೀನಾ?”

ತರ್ಕ ಸರಿಯಿತ್ತು. ಆದರೆ ಮಗಳು ಹೋಗಿ ಬಾಳಬೇಕಾದ ಮನೆಯಲ್ಲಿ ಯಾವ ನಾದ ಇರುತ್ತದೆ ಅನ್ನುವುದೂ ಮುಖ್ಯ ಅಂದೆ.

“ಸ್ಟಾಫ್‌ರೂಮಿನಾಗೆ ಎಲ್ರೂ ಕೇಳ್ತಾರೆ, ಯಾಕ ಮುರೀತು ಅಂತ. ವರದಕ್ಷಿಣೆ ಕೇಳಿದ್ರಾ ಅಂತಾರೆ. ಹುಡುಗ ಕುಡೀತಾನಾ ಅಂತಾರೆ. ನಾನೇನು ಹೇಳ್ಲಿ? ನಮ್ಮಪ್ಪಂಗೆ ಗಾಳಿ ಕೇಳಿಸ್ತು, ಅವರಪ್ಪಂಗೆ ಕೇಳಿಸಲಿಲ್ಲ ಅಂತ ಹೇಳ್ಲಾ?”

ನಾನು ಕಪಾಟಿನ ಧೂಳು ಒರೆಸಿದೆ. ಅವಳು ಹೋದಳು. ಕಣ್ಣು ಕೆಂಪಗಿದ್ದವು. ಪರೀಕ್ಷೆಯ ಕೆಲಸ ಜಾಸ್ತಿ ಇರಬೇಕು.

ಫೆಬ್ರವರಿ 26, ಶಿವರಾತ್ರಿ

ಉಪವಾಸ. ರೇವತಿ ಹಣ್ಣು ಕೊಟ್ಟಳು, ಮಾತು ಕೊಡಲಿಲ್ಲ. ತಟ್ಟೆ ಹಾಕಿದೆ. ಯಾಕೋ ಚೆನ್ನಾಗಿರಲಿಲ್ಲ.

ಮಾರ್ಚ್ 5

ರೇವತಿ ದಿನಾ ಫೋನಿನಲ್ಲಿ ಯಾರ ಜೊತೆಗೋ ಪಿಸುಗುಡುತ್ತಾಳೆ. ಇವತ್ತು ಗೊತ್ತಾಯಿತು. ಹರಿಹರದ ಸುನೀತಾ ಅವರು! ನಾವು ಗಂಡಸರು ಯುದ್ಧದಲ್ಲಿರುವಾಗ ಇವರು ಉಪ್ಪಿನಕಾಯಿಯ ಅಳತೆ ಹಂಚಿಕೊಳ್ಳುತ್ತಿದ್ದಾರೆ.

ಊಟಕ್ಕೆ ಕೂತಾಗ ರೇವತಿ ಹೇಳಿದಳು. “ನೋಡ್ರಿ, ಪರೀಕ್ಷೆ ಆಗ್ಲಿ. ಅವರ ಮನಿಯಾಗೆ. ಒಂದೇ ಮಷೀನು, ಎರಡು ತಟ್ಟೆ. ನೀವಿಬ್ರೂ ಹೊರಗೆ ಕೂಡ್ರಿ, ಒಳಗೆ ಹುಡುಗ್ರು ಅದಲು ಬದಲು ಮಾಡಿ ಆರು ಸಲ ಹಾಕ್ತಾರೆ. ಯಾವುದು ಕಲ್ಕತ್ತ, ಯಾವುದು ಮುಂಬಯಿ, ಬರೀರಿ. ಸೋತೋರು ಈ ಜನ್ಮದಾಗೆ ಅಚ್ಚಿನ ಮಾತು ಎತ್ತಬಾರ್ದು.”

“ಗೆದ್ದವರು?”

“ಗೆದ್ದೋರೂ ಎತ್ತಬಾರ್ದು.”

ನಾನು ಒಪ್ಪಿದೆ. ಸತ್ಯಕ್ಕೆ ಭಯವೇನು?

ಮಾರ್ಚ್ 12

ಪರಿಚಯದ ಸೈಫುಲ್ಲಾ ಹಳೆ ರೆಕಾರ್ಡು ಮಾರುತ್ತಾನೆ. ಅವನ ಹತ್ತಿರ ಒಂದು ಕಪ್ಪು ಲೇಬಲ್ ಇತ್ತು. ಎರಡು ದಿನಕ್ಕೆ ಕೇಳಿ ತಂದೆ. ಶತ್ರುವನ್ನು ಚೆನ್ನಾಗಿ ಅರಿಯಬೇಕು. ಕಣ್ಣು ಮುಚ್ಚಿ ಎರಡನ್ನೂ ಕಲಸಿ, ಒಂದು ತೆಗೆದು ಹಾಕಿ, ಮನಸ್ಸಿನಲ್ಲೇ ಉತ್ತರ ಹೇಳಿಕೊಂಡು, ಆಮೇಲೆ ಲೇಬಲ್ ನೋಡುವ ಅಭ್ಯಾಸ ಮಾಡಿದೆ.

ಫಲಿತಾಂಶ ಬರೆಯುವ ಅಗತ್ಯವಿಲ್ಲ. ಅಡುಗೆ ಮನೆಯಲ್ಲಿ ಮಿಕ್ಸಿ ಓಡುತ್ತಿತ್ತು.

ಮಾರ್ಚ್ 13

ಮಿಕ್ಸಿ ಓಡುತ್ತಿರಲಿಲ್ಲ.

ಮಾರ್ಚ್ 15

ಕಿವಿಗೆ ಬೆಚ್ಚಗೆ ಎಣ್ಣೆ ಬಿಟ್ಟುಕೊಂಡೆ. ನಾಳೆ ಬಸ್ಸಿನ ಹಾರ್ನಿಗೆ ಕಿವಿ ಕೆಡಬಾರದು, ಹತ್ತಿ ಇಟ್ಟುಕೊಳ್ಳುತ್ತೇನೆ. ಜ್ವರ ಬಂದ ಹಾಗಿದೆ. ರೇವತಿ ಹಣೆ ಮುಟ್ಟಿ ನೋಡಿ “ಏನೂ ಇಲ್ಲ, ನಾಳೆ ಹೊರಡ್ರಿ” ಅಂದಳು.

ಮಾರ್ಚ್ 16, ಭಾನುವಾರ

ಎಲ್ಲವನ್ನೂ ಬರೆಯುತ್ತೇನೆ, ಕ್ರಮವಾಗಿ.

ಒಳಕೋಣೆಯ ಬಾಗಿಲಿಗೆ ಪಂಚೆ ಕಟ್ಟಿದ್ದರು. ಅದರ ಹಿಂದೆ ಮಷೀನು, ಸಹನಾ ಮತ್ತು ಯೋಗರಾಜ್. ಈಚೆ ಪಡಸಾಲೆಯಲ್ಲಿ ಬಾಗಿಲಿಗೆ ಬೆನ್ನು ಮಾಡಿ ಎರಡು ಕುರ್ಚಿ. ಒಂದರಲ್ಲಿ ನಾನು, ಇನ್ನೊಂದರಲ್ಲಿ ಅಂಜನಕುಮಾರ್. ಬಂದಾಗಿನಿಂದ ನಮ್ಮಿಬ್ಬರ ನಡುವೆ “ಬರ್ರಿ”, “ಬಂದೆ” ಇಷ್ಟೇ. ಕೈಗೆ ಒಂದೊಂದು ಹಾಳೆ, ಪೆನ್ನು. ನಮ್ಮ ಮೇಲೆ ಕಣ್ಣಿಡಲು ರೇವತಿ ಮತ್ತು ಸುನೀತಾ ಅವರನ್ನು ಕೂರಿಸಿದ್ದರು. ಆದರೆ ಅವರು ಒಗ್ಗರಣೆ ಸೀದೀತು ಅಂತ ಅಡುಗೆ ಮನೆಗೆ ಹೋದವರು ಬರಲಿಲ್ಲ.

“ಒಂದನೇದು!” ಅಂತ ಸಹನಾ ಕೂಗಿದಳು. ಕ್ಲಾಸಿನ ದನಿ.

ಹಾಡು ಬಂತು. ನಾನು ಕಣ್ಣು ಮುಚ್ಚಿ ಗಾಳಿಗಾಗಿ ಕಾದೆ. ಗಾಳಿ ಇತ್ತೋ ಇಲ್ಲವೋ ಅನ್ನುವುದರೊಳಗೆ ಹಾಡು ಶುರುವಾಯಿತು. ಪಕ್ಕದಲ್ಲಿ ಪೆನ್ನು ಓಡಿದ ಸದ್ದು ಮಾತ್ರ ಬಹಳ ಸ್ಪಷ್ಟವಾಗಿ ಕೇಳಿಸಿತು. ನಾನೂ ‘ಕಲ್ಕತ್ತ’ ಅಂತ ಬರೆದೆ.

“ಎರಡನೇದು!”

ಇದೂ ಹಾಗೇ ಇತ್ತು. ಹಾಗೇ ಅಂದರೆ, ಸ್ವಲ್ಪ ಬೇರೆ ಥರ ಹಾಗೇ. ‘ಮುಂಬಯಿ’ ಬರೆದೆ, ಹೊಡೆದು ‘ಕಲ್ಕತ್ತ’ ಬರೆದೆ. ಅಂಗಿ ಬೆನ್ನಿಗೆ ಅಂಟಿಕೊಂಡಿತು. ಇವತ್ತು ಸೋತರೆ ಗುಂಪಿನವರಿಗೆ ಏನು ಹೇಳುವುದು? ಮೂವತ್ತು ವರ್ಷ ಹೇಳಿದ್ದನ್ನು ಎಲ್ಲಿಡುವುದು? ಮೂರನೆಯದು ಬಂದು ಹೋಯಿತು. ಏನೂ ಬರೆದಿರಲಿಲ್ಲ.

ಆಗ ಪಕ್ಕದಿಂದ ಬಹಳ ಸಣ್ಣ ದನಿ ಬಂತು.

“ಬೀಗರೇ.”

ನಾನು ತಿರುಗಲಿಲ್ಲ.

“ಬೀಗರೇ… ಮೂರನೇದು ಏನು ಹಾಕಿದ್ರಿ?”

ನೋಡಿದೆ. ಅಂಜನಕುಮಾರ್ ಅವರ ಹಣೆಯ ಮೇಲೆ ಬೆವರು ಸಾಲುಗಟ್ಟಿತ್ತು. ಟ್ರ್ಯಾಕ್ಟರಿನ ಗೇರುಪೆಟ್ಟಿಗೆ ಎತ್ತುವ ಕೈ ಪೆನ್ನಿನ ಮುಚ್ಚಳ ಹಾಕುತ್ತಿತ್ತು, ತೆಗೆಯುತ್ತಿತ್ತು. ಹೈಸ್ಕೂಲಿನಲ್ಲಿ ಲೆಕ್ಕದ ಪೇಪರಿನ ದಿನ ನನ್ನ ಮುಖ ಹೀಗೇ ಇದ್ದಿರಬೇಕು.

ಪಡಸಾಲೆಯಲ್ಲಿ ಬೆಳಕು ಅಷ್ಟು ಚೆನ್ನಾಗಿರಲಿಲ್ಲ. ಆದ್ದರಿಂದ ನಾನು ಹಾಳೆಯನ್ನು ಕಿಟಕಿಯ ಕಡೆ, ಅಂದರೆ ಅವರ ಕಡೆ, ಸ್ವಲ್ಪ ವಾಲಿಸಿದೆ. ಅಷ್ಟೇ ಮಾಡಿದ್ದು. ಅದರಲ್ಲಿ ಮೂರನೆಯದು ಖಾಲಿ ಇರುವುದನ್ನು ಅವರು ಕಂಡರು. ಅವರೂ ತಮ್ಮ ಹಾಳೆ ವಾಲಿಸಿದರು. ಅಲ್ಲೂ ಖಾಲಿ.

“ಮುಂಬಯಿ ಹಾಕೋಣೇನ್ರಿ?” ಅಂದರು.

“ಹಾಕ್ರಿ,” ಅಂದೆ.

ನಾಲ್ಕನೆಯದನ್ನು ಅವರು ಹೇಳಿದರು, ಐದನೆಯದನ್ನು ನಾನು. ಬರೆಯುವ ಚಿಂತೆ ಕಳೆದ ಮೇಲೆ ಸುಮ್ಮನೆ ಕೂತು ಕೇಳಿದೆ. ಆಗ ಅಡುಗೆ ಮನೆಯಿಂದ ರೇವತಿಯೂ ಸುನೀತಾ ಅವರೂ ಒಮ್ಮೆಲೇ ನಕ್ಕರು. ಯಾಕೆಂದು ಹಾಡಿನ ಕಡೆ ಗಮನ ಕೊಟ್ಟೆ. ಸಂತೆಗೆ ಹೋಗಿ ಉಪ್ಪು ಮರೆತು ಬಂದ ಗಂಡನಿಗೆ ಕಾಟಮ್ಮನವರು ಬಯ್ಯುತ್ತಿದ್ದಾರೆ! ಅವನು ಒಂದೊಂದೇ ನೆಪ ಹೇಳುವುದು, ಆಕೆ ಒಂದೊಂದನ್ನೇ ಕೊಯ್ದು ಹಾಕುವುದು. ನಗಿಸುವ ಹಾಡು. ನಾನು ಇದನ್ನು ಯಾವಾಗಲೂ ಕಣ್ಣು ಮುಚ್ಚಿ ಕೈ ಜೋಡಿಸಿ ಕೇಳುತ್ತಿದ್ದೆ.

“ಏನು ಬಯ್ತಾಳ್ರಿ!” ಅಂದರು ಅಂಜನಕುಮಾರ್. ಅವರೂ ಮೊದಲ ಸಲ ಕೇಳಿದಂತಿತ್ತು.

ಆರನೆಯದಕ್ಕೆ ಇಬ್ಬರೂ ಏನು ಬರೆದೆವೋ ನೆನಪಿಲ್ಲ, ನಗುತ್ತಿದ್ದೆವು.

ಸಹನಾ ಪಂಚೆ ಸರಿಸಿ ಬಂದು ಹಾಳೆಗಳನ್ನು ತೆಗೆದುಕೊಂಡಳು. ಒಂದು ನೋಡಿದಳು, ಇನ್ನೊಂದು ನೋಡಿದಳು. ಎಷ್ಟೋ ಮಕ್ಕಳ ಪೇಪರು ನೋಡಿದ ಕಣ್ಣು. “ಅಪ್ಪಾಜಿ, ಎರಡು ಸರಿ, ನಾಲ್ಕು ತಪ್ಪು. ಮಾವ, ನಿಮ್ಮದೂ ಎರಡು ಸರಿ, ನಾಲ್ಕು ತಪ್ಪು.”

ಯೋಗರಾಜ್ ಇಣುಕಿದ. ನಾನು ಅವನ ಬಾಯಿಂದ ಕೇಳಿದ ಮೊದಲ ದೊಡ್ಡ ಮಾತು ಇದು: “ಸರಿ ಇರೋವೂ ಅವೇ, ತಪ್ಪು ಇರೋವೂ ಅವೇ. ಎರಡನೇದು ಇಬ್ರೂ ಹೊಡೆದು ಬರ್ದಾರೆ.”

ನಾನು ಚಾವಣಿ ನೋಡಿದೆ. ಅಂಜನಕುಮಾರ್ ಕ್ಯಾಲೆಂಡರ್ ನೋಡಿದರು. ಸಹನಾ ತುಟಿ ಕಚ್ಚಿಕೊಂಡು, ಹಾಳೆಗಳನ್ನು ಒಂದರ ಮೇಲೊಂದು ಇಟ್ಟು ಮಡಚಿದಳು.

“ಇಬ್ರದ್ದೂ ಒಂದೇ ಕಿವಿ ಅಂತಾಯ್ತು,” ಅಂದಳು.

ಸುನೀತಾ ಅವರು ಸೌಟು ಹಿಡಿದು ಬಾಗಿಲಲ್ಲಿ ನಿಂತಿದ್ದರು. “ಹಂಗಾದ್ರೆ ಏಳ್ರಿ, ಎಲಿ ಹಾಕೀನಿ. ಇವತ್ತಾದ್ರೂ ಹೋಳಿಗಿ ತಿಂದು ಹೋಗ್ರಿ.”

ನಾಲ್ಕು ತಿಂದೆ.

ಮಾರ್ಚ್ 17

ಬೆಳಿಗ್ಗೆಯೇ ಬೀಗರ ಫೋನು. ನಿನ್ನೆಯ ಪರೀಕ್ಷೆಯಲ್ಲಿ ಕೆಲವು ತಾಂತ್ರಿಕ ದೋಷಗಳಿದ್ದವು ಅನ್ನುವುದರಲ್ಲಿ ನಮ್ಮಿಬ್ಬರಿಗೂ ಒಮ್ಮತವಿದೆ. ಪಂಚೆ ದಪ್ಪವಾಗಿತ್ತು. ಹೊಳೆ ಹತ್ತಿರವಾದ್ದರಿಂದ ಹರಿಹರದ ಗಾಳಿಯಲ್ಲಿ ತೇವ ಹೆಚ್ಚು. ಒಗ್ಗರಣೆಯ ಸದ್ದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಂಡಿಲ್ಲ. ವೋಲ್ಟೇಜಿನ ಬಗ್ಗೆ ನಾನು ವಿವರವಾಗಿ ಹೇಳಿದೆ, ಅವರು ಅದು ಬಹಳ ಮುಖ್ಯ ಅಂದರು. ತಿಳಿವಳಿಕೆಯುಳ್ಳ ಮನುಷ್ಯ.

ಯುಗಾದಿ ಕಳೆದ ಮೇಲೆ ನಿಶ್ಚಿತಾರ್ಥ. ಸಹನಾ ಕಾಲೇಜಿಗೆ ಹೋಗುವಾಗ ಏನೋ ಗುನುಗುತ್ತಿದ್ದಳು. ಉಪ್ಪು ಮರೆತ ಗಂಡನ ಹಾಡು.

ಮಾರ್ಚ್ 30, ಯುಗಾದಿ

ಬೀಗರ ಮನೆಯವರೆಲ್ಲ ಬೇವುಬೆಲ್ಲಕ್ಕೆ ಬಂದಿದ್ದರು. ಗುಂಪಿನವರು ಪರೀಕ್ಷೆ ಏನಾಯಿತು ಅಂತ ಕೇಳುತ್ತಲೇ ಇದ್ದಾರೆ. ನಾವಿಬ್ಬರೂ ಸೇರಿ ಉತ್ತರ ಬರೆದೆವು: ‘ಎರಡೂ ಅಚ್ಚುಗಳಿಗೆ ಅವುಗಳದೇ ಆದ ವೈಶಿಷ್ಟ್ಯವಿದೆ.’ ಎಲ್ಲರೂ ಹೆಬ್ಬೆರಳು ಎತ್ತಿದರು. ಹುಬ್ಬಳ್ಳಿಯವರೊಬ್ಬರು, ಇವೆರಡಕ್ಕಿಂತ ಮದ್ರಾಸಿನ ಮೂರನೇ ಅಚ್ಚು ಮೇಲು, ಅದು ತಮ್ಮಲ್ಲಿದೆ, ಬಂದು ಕೇಳಬಹುದು ಅಂತ ಬರೆದಿದ್ದಾರೆ.

“ಹೋಗೋಣೇನ್ರಿ?” ಅಂದರು ಬೀಗರು.

“ಬಿಸಿಲು ಜಾಸ್ತಿ ಐತೆ,” ಅಂದೆ.

“ಹೌದ್ರಿ, ಬಿಸಿಲು.”

ಒಳಗೆ ರೇವತಿಯೂ ಸುನೀತಾ ಅವರೂ ಯಾವುದೋ ಮದುವೆಯ ಕಥೆ ಹೇಳಿಕೊಂಡು ನಗುತ್ತಿದ್ದರು. ಅದೇನೆಂದು ಕೇಳಲು ನಾವೂ ಎದ್ದು ಹೋದೆವು. ಮಧ್ಯಾಹ್ನ ಅಲ್ಲೇ ಕಳೆಯಿತು. ತಟ್ಟೆ ಹಾಕಲು ಹೊತ್ತು ಸಿಗಲಿಲ್ಲ.

ಏಪ್ರಿಲ್ 20, ಭಾನುವಾರ

ಮದುವೆಯ ಮೊದಲ ಕರೆಯೋಲೆಯನ್ನು ಹರಿಹರೇಶ್ವರನಿಗೆ ಇಟ್ಟು ಬಂದೆವು. ಹೆಂಗಸರು ಇನ್ನೂ ಪ್ರದಕ್ಷಿಣೆ ಹಾಕುತ್ತಿದ್ದರು. ನಾವಿಬ್ಬರೂ ಮುಂದಾಗಿ ಹೊಳೆಯ ದಂಡೆಗೆ ಹೋಗಿ ಕಲ್ಲಿನ ಮೇಲೆ ಕೂತೆವು. ತುಂಗಭದ್ರೆ ಬಂಡೆಗಳ ನಡುವೆ ಅಲ್ಲಲ್ಲಿ ಮಾತ್ರ ಹರಿಯುತ್ತಿತ್ತು. ದೂರದಲ್ಲಿ ಯಾರೋ ಎಮ್ಮೆ ತೊಳೆಯುತ್ತಿದ್ದರು.

ಬೀಗರು ಒಂದು ಹರಳು ತೆಗೆದು ನೀರಿಗೆ ಎಸೆದರು. ಇನ್ನೊಂದು ತೆಗೆದರು, ಎಸೆಯಲಿಲ್ಲ.

“ಬೀಗರೇ, ಒಂದು ಮಾತು ಕೇಳ್ತೀನಿ, ಬ್ಯಾಸರ ಮಾಡ್ಕೋಬಾರ್ದು.”

“ಕೇಳ್ರಿ.”

“ನಿಮಗೆ ಯಾವತ್ತಾದ್ರೂ… ಆ ಅಚ್ಚಿಗೂ ಈ ಅಚ್ಚಿಗೂ… ಖರೇನೆ ಫರಕ್ ಕೇಳಿಸಿತ್ತೇನ್ರಿ?”

ಎಮ್ಮೆ ತಲೆ ಒದರಿತು, ನೀರು ಚಿಮ್ಮಿತು.

“ನಿಮಗೆ?” ಅಂದೆ.

“ಮೊದ್ಲು ಕೇಳಿದ್ದು ನಾನು.”

ಉತ್ತರ ಹೇಳಬೇಕು ಅಂತ ಬಾಯಿ ತೆರೆದೆ. ಅವರು ನನ್ನ ಮುಖ ನೋಡುತ್ತಿದ್ದರು, ನಾನು ಅವರ ಮುಖ ನೋಡಿದೆ. ಅಷ್ಟರಲ್ಲಿ ಹಿಂದೆ ಬಳೆ ಸದ್ದಾಯಿತು. ರೇವತಿ ಪ್ರಸಾದ ಹಿಡಿದು ಬಂದಿದ್ದಳು, ಅವಳ ಹಿಂದೆ ಸುನೀತಾ ಅವರು.

“ಏನ್ರಿ, ಇಬ್ರೂ ಇಷ್ಟು ಗಹನವಾಗಿ ಕೂತೀರಿ? ಏನು ಮಾತು?”

“ಹೊಳಿಯಾಗೆ ನೀರು ಕಡಿಮಿ ಆಗೈತೆ ಅಂತ,” ಅಂದೆವು, ಇಬ್ಬರೂ ಒಟ್ಟಿಗೆ.